ಲೇಜೆನ್‌ಬಿಯ ಬಾಂಡ್: ಅಭಿಮಾನಿಗಳ ಜಗಳ ಎಲ್ಲಿ ದಾರಿ ತಪ್ಪುತ್ತದೆ?

ಪ್ರಶ್ನೆ: ನಾವು ಕೆಲವು ಗೆಳೆಯರು ಜೇಮ್ಸ್ ಬಾಂಡ್ ಚಿತ್ರಗಳನ್ನು ಬಿಡುಗಡೆಯಾದ ಕ್ರಮದಲ್ಲೇ ನೋಡುತ್ತಾ ಬಂದಿದ್ದೇವೆ. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ನೋಡಿದ ಮೇಲೆ ನಮ್ಮಲ್ಲಿ ಎರಡು ಪಂಗಡವಾಗಿದೆ. ಒಂದು ಪಂಗಡಕ್ಕೆ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಇನ್ನೊಂದರ ಪ್ರಕಾರ ಜಾರ್ಜ್ ಲೇಜೆನ್‌ಬಿಗೆ ನಟನೆಯೇ ಬರುವುದಿಲ್ಲ, ಚಿತ್ರ ವಿಪರೀತ ಉದ್ದ, ಹಿಂದಿನ ಚಿತ್ರದಲ್ಲಿ ಮುಖಾಮುಖಿಯಾಗಿದ್ದ ಖಳನಾಯಕನೇ ಇಲ್ಲಿ ಬಾಂಡ್‌ನನ್ನು ಗುರುತಿಸುವುದಿಲ್ಲ, ಈಗಿನ ಹೊಗಳಿಕೆಯೆಲ್ಲ ಹಳೆಯದನ್ನು ಮೆಚ್ಚಿಕೊಳ್ಳುವ ಫ್ಯಾಷನ್. ಯಾರ ಮಾತು ಸರಿ? ಬಾಂಡ್ ಚಿತ್ರಗಳನ್ನೇ ನೋಡಿರದ ನನ್ನ ತಂಗಿಗೆ ಇದನ್ನು ನೇರವಾಗಿ ತೋರಿಸಬಹುದೇ?

ಉತ್ತರ: ನಿಮ್ಮ ಎರಡೂ ಪಂಗಡಗಳು ನಾಯಕನ ಮುಖವನ್ನೇ ನೋಡುತ್ತಾ ಜಗಳವಾಡುತ್ತಿವೆ ಎಂಬುದು ನನ್ನ ಮೊದಲ ಆಕ್ಷೇಪ. ಈ ಚಿತ್ರದ ಬಗ್ಗೆ ಐವತ್ತು ವರ್ಷಗಳಿಂದ ನಡೆದಿರುವ ಚರ್ಚೆಯ ಬಹುಪಾಲು ಹೀಗೆಯೇ ಲೇಜೆನ್‌ಬಿಯ ಸುತ್ತ ಗಿರಕಿ ಹೊಡೆದಿದೆ. ಆದರೆ ಚಿತ್ರದ ಬಲವೂ ದೌರ್ಬಲ್ಯವೂ ಬಹುಮಟ್ಟಿಗೆ ಹುಟ್ಟಿರುವುದು ಬೇರೆ ಕಡೆ. ಇಯಾನ್ ಫ್ಲೆಮಿಂಗ್ 1963ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆದಷ್ಟು ಇದ್ದಂತೆಯೇ ತೆರೆಗೆ ತರಬೇಕೆಂದು ನಿರ್ದೇಶಕ ಪೀಟರ್ ಹಂಟ್ ಮಾಡಿದ ತೀರ್ಮಾನದಲ್ಲಿ. ನೀವು ಪಟ್ಟಿ ಮಾಡಿರುವ ದೂರುಗಳಲ್ಲಿ ಹೆಚ್ಚಿನವು ಆ ತೀರ್ಮಾನಕ್ಕೆ ಚಿತ್ರ ತೆತ್ತ ಬೆಲೆ, ನಿಮ್ಮ ಗೆಳೆಯರು ಮೆಚ್ಚಿರುವ ಅಂಶಗಳಲ್ಲಿ ಹೆಚ್ಚಿನವು ಅದರಿಂದ ಬಂದ ಗಳಿಕೆ.

ಹಂಟ್ ಯಾರೆಂಬುದನ್ನು ತಿಳಿಯದೆ ಈ ಚಿತ್ರವನ್ನು ತೂಗುವುದು ಕಷ್ಟ. 1962ರ ‘ಡಾಕ್ಟರ್ ನೋ’ದಿಂದ ಹಿಡಿದು ಮೊದಲ ನಾಲ್ಕು ಬಾಂಡ್ ಚಿತ್ರಗಳನ್ನು ಸಂಕಲನ ಮಾಡಿದವರು ಅವರು. ಶಾಟ್ ಮುಗಿಯುವ ಮೊದಲೇ ಕತ್ತರಿಸಿ ಮುಂದಿನದಕ್ಕೆ ಜಿಗಿಯುವ, ಹೊಡೆದಾಟದ ನಡುವಿನ ಕೆಲವು ಫ್ರೇಮ್‌ಗಳನ್ನೇ ಕಿತ್ತುಹಾಕಿ ಏಟಿಗೆ ಬಿರುಸು ತರುವ ಶೈಲಿ ಬಾಂಡ್ ಚಿತ್ರಗಳ ಗುರುತಾಗಿದ್ದರೆ ಅದರ ಶ್ರೇಯಸ್ಸಿನ ದೊಡ್ಡ ಪಾಲು ಅವರದು. ನಿರ್ದೇಶಕರಾಗಿ ಅವರಿಗೆ ಇದು ಮೊದಲ ಚಿತ್ರ, ಸರಣಿಯಲ್ಲಿ ಅವರು ನಿರ್ದೇಶಿಸಿದ್ದು ಇದೊಂದನ್ನೇ. ಇದಕ್ಕೆ ಹಿಂದಿನ ‘ಯೂ ಓನ್ಲಿ ಲಿವ್ ಟ್ವೈಸ್’ 1967ರಲ್ಲಿ ಬಂದಾಗ ಸರಣಿ ಕಾದಂಬರಿಯ ಹಂಗು ತೊರೆದು, ಜ್ವಾಲಾಮುಖಿಯೊಳಗಿನ ರಾಕೆಟ್ ನೆಲೆಯವರೆಗೆ ಹೋಗಿ ನಿಂತಿತ್ತು. ಅಲ್ಲಿಂದ ಮುಂದೆ ಇನ್ನೂ ದೊಡ್ಡದನ್ನು ಕಟ್ಟುವುದಕ್ಕೆ ಬದಲಾಗಿ ಹಂಟ್ ಹಿಂದಕ್ಕೆ ತಿರುಗಿದರು. ಚಮತ್ಕಾರದ ಉಪಕರಣಗಳನ್ನು ಬಹುತೇಕ ಕೈಬಿಟ್ಟರು, ಕಥೆಯನ್ನು ಪೋರ್ಚುಗಲ್‌ನ ಕಡಲತೀರಕ್ಕೂ ಸ್ವಿಟ್ಜರ್ಲೆಂಡಿನ ಹಿಮಕ್ಕೂ ತಂದರು, ನಾಯಕ ಮದುವೆಯಾಗುತ್ತಾನೆ ಮತ್ತು ಅದೇ ದಿನ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ ಎಂಬ ಕಾದಂಬರಿಯ ಕೊನೆಯನ್ನು ಬದಲಿಸಲು ಒಪ್ಪಲಿಲ್ಲ.

ಖಳನಾಯಕ ಬ್ಲೋಫೆಲ್ಡ್ ಬಾಂಡ್‌ನನ್ನು ಗುರುತಿಸದಿರುವ ದೂರಿನ ಮೂಲವೂ ಇಲ್ಲಿಯೇ ಇದೆ. ಕಾದಂಬರಿಗಳಲ್ಲಿ ಇವರಿಬ್ಬರೂ ಮೊದಲ ಬಾರಿ ಎದುರುಬದುರಾಗುವುದು ಈ ಕಥೆಯಲ್ಲಿ. ‘ಯೂ ಓನ್ಲಿ ಲಿವ್ ಟ್ವೈಸ್’ ಕಾದಂಬರಿ ಬಂದದ್ದು ಮರುವರ್ಷ, 1964ರಲ್ಲಿ. ಅದು ಹೆಂಡತಿಯ ಸಾವಿನಿಂದ ಕುಸಿದುಹೋದ ಬಾಂಡ್‌ನ ಕಥೆ. ನಿರ್ಮಾಪಕರು ಆ ಕ್ರಮವನ್ನು ತಿರುಗುಮುರುಗು ಮಾಡಿ ಎರಡನೆಯದನ್ನು ಮೊದಲು ತೆಗೆದರು. ಹಾಗಾಗಿ ಡೊನಾಲ್ಡ್ ಪ್ಲೆಸೆನ್ಸ್ ರೂಪದ ಬ್ಲೋಫೆಲ್ಡ್ ಒಂದು ಚಿತ್ರದಲ್ಲಿ ಬಾಂಡ್‌ನೊಂದಿಗೆ ಮುಖಾಮುಖಿ ಮಾತಾಡುತ್ತಾನೆ, ಟೆಲ್ಲಿ ಸವಾಲಸ್ ರೂಪದ ಬ್ಲೋಫೆಲ್ಡ್ ಮುಂದಿನ ಚಿತ್ರದಲ್ಲಿ ಕನ್ನಡಕ ಹಾಕಿಕೊಂಡ ಅದೇ ಬಾಂಡ್‌ನನ್ನು ವಂಶಾವಳಿ ತಜ್ಞನೆಂದು ನಂಬಿ ಮನೆಯೊಳಗೆ ಬಿಟ್ಟುಕೊಳ್ಳುತ್ತಾನೆ. ಇಬ್ಬರು ನಟರೂ ಬದಲಾಗಿದ್ದಾರಲ್ಲ, ಇರಲಿ ಬಿಡಿ ಎಂದು ಅಭಿಮಾನಿಗಳು ಸಮಾಧಾನ ಹೇಳುವುದುಂಟು. ಆ ಸಮಾಧಾನವನ್ನು ನಾನು ಒಪ್ಪಲಾರೆ, ಏಕೆಂದರೆ ಚಿತ್ರವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಶೀರ್ಷಿಕೆಯ ಹಿನ್ನೆಲೆಯಲ್ಲಿ ಹಿಂದಿನ ಚಿತ್ರಗಳ ತುಣುಕುಗಳು ಬರುತ್ತವೆ. ಬಾಂಡ್ ರಾಜೀನಾಮೆ ಕೊಟ್ಟು ತನ್ನ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಹಳೆಯ ಸಾಹಸಗಳ ವಸ್ತುಗಳು ಒಂದೊಂದಾಗಿ ಕೈಗೆ ಬರುತ್ತವೆ, ಹಿನ್ನೆಲೆಯಲ್ಲಿ ಆಯಾ ಚಿತ್ರದ ಸಂಗೀತವೂ ಕೇಳುತ್ತದೆ. ಇವನು ಅದೇ ಮನುಷ್ಯ, ಹಿಂದಿನದೆಲ್ಲ ಇವನಿಗೆ ನೆನಪಿದೆ ಎಂದು ಇಷ್ಟು ಒತ್ತಿ ಹೇಳಿದ ಚಿತ್ರ, ಅವನ ಪರಮ ಶತ್ರುವಿಗೆ ಮಾತ್ರ ಮರೆವು ಬಂದಿದೆ ಎಂದು ನಂಬಿಸಲು ಹೊರಡುವುದು ನಿಜವಾದ ದೋಷ. ಬಾಂಡ್‌ಗೆ ಪ್ಲಾಸ್ಟಿಕ್ ಸರ್ಜರಿಯಾಗಿದೆ ಎಂದು ತೋರಿಸುವ ಯೋಚನೆ ಚಿತ್ರಕಥೆಯ ಆರಂಭದ ಹಂತದಲ್ಲಿ ಇತ್ತು, ಆಮೇಲೆ ಕೈಬಿಟ್ಟರು. ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆ ವಿವರಣೆ ತೂತನ್ನು ಮುಚ್ಚುವ ಬದಲು ಅದರತ್ತ ಬೆರಳು ತೋರಿಸುತ್ತಿತ್ತು.

ಇನ್ನು ಲೇಜೆನ್‌ಬಿ. ಆಸ್ಟ್ರೇಲಿಯಾದವರು, ಕಾರು ಮಾರುತ್ತಿದ್ದವರು, ಲಂಡನ್ನಿನಲ್ಲಿ ಮಾಡೆಲ್ ಆಗಿ ಚಾಕೊಲೇಟ್ ಜಾಹೀರಾತಿನ ಮೂಲಕ ಹೆಸರು ಮಾಡಿದ್ದವರು, ಚಿತ್ರೀಕರಣದ ವೇಳೆಗೆ ಇನ್ನೂ ಮೂವತ್ತು ತುಂಬದಿದ್ದವರು. ಶಾನ್ ಕಾನರಿ ಬಿಟ್ಟುಹೋದ ಜಾಗದಲ್ಲಿ ಯಾವ ನಟನಿಗಾದರೂ ಕಷ್ಟವೇ ಆಗುತ್ತಿತ್ತು, ಇವರಿಗಂತೂ ನಟನೆಯ ಅನುಭವವೇ ಇರಲಿಲ್ಲ. ಅವರ ಸಂಭಾಷಣೆ ಸಪ್ಪೆ ಎಂಬ ನಿಮ್ಮ ಗೆಳೆಯರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅದರಲ್ಲೂ ತಮಾಷೆಯ ಮಾತುಗಳನ್ನು ಅವರು ಒಪ್ಪಿಸುವ ರೀತಿಯಲ್ಲಿ ಕಾನರಿಯ ಲೀಲೆ ಇಲ್ಲ. ಆ ಸಾಲುಗಳೆಲ್ಲ ಕಾನರಿಯ ಅಳತೆಗೆ ಹೊಲಿದವು, ಇವರ ಮೈಗೆ ಕೂರುವುದಿಲ್ಲ. ಆದರೆ ಅವರು ನಡೆಯುವುದನ್ನು, ಓಡುವುದನ್ನು, ಹೊಡೆದಾಡುವುದನ್ನು ನೋಡಿ. ಆಯ್ಕೆಯ ಪರೀಕ್ಷೆಯಲ್ಲಿ ಹೊಡೆದಾಟದ ದೃಶ್ಯ ಮಾಡುವಾಗ ಎದುರಿನವರ ಮೂಗಿಗೇ ಗುದ್ದಿದ್ದು ಪ್ರಸಿದ್ಧ ಸಂಗತಿ. ಆ ದೇಹಬಲ ಹಂಟ್‌ರಂಥ ಸಂಕಲನಕಾರನ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಆರಂಭದ ಕಡಲತೀರದ ಹೊಡೆದಾಟವೇ ಸಾಕ್ಷಿ: ನೀರು, ಮರಳು, ದೋಣಿ, ಬಲೆ ಎಲ್ಲವೂ ಏಟಿನ ಲಯದಲ್ಲಿ ಕಣ್ಣೆದುರು ಬಂದು ಹೋಗುತ್ತವೆ, ಪಾತ್ರಧಾರಿಯ ಮುಖವನ್ನು ಮರೆಮಾಚುವ ಅಗತ್ಯ ಎಲ್ಲಿಯೂ ಬೀಳುವುದಿಲ್ಲ.

ಲೇಜೆನ್‌ಬಿಗೆ ಚಿತ್ರ ಮಾಡಿರುವ ಒಂದು ದೊಡ್ಡ ಅನ್ಯಾಯವನ್ನು ಎರಡೂ ಪಂಗಡದವರು ಗಮನಿಸುವುದು ಕಡಿಮೆ. ಬಾಂಡ್ ಬ್ಲೋಫೆಲ್ಡ್‌ನ ಬೆಟ್ಟದ ನೆಲೆಗೆ ಹೋಗುವುದು ಸರ್ ಹಿಲರಿ ಬ್ರೇ ಎಂಬ ವಿದ್ವಾಂಸನ ವೇಷದಲ್ಲಿ. ಬ್ರೇ ಪಾತ್ರ ಮಾಡಿದವರು ಜಾರ್ಜ್ ಬೇಕರ್. ಬಾಂಡ್ ಬ್ರೇಯಂತೆ ಮಾತಾಡುವ ಕಡೆಗಳಲ್ಲೆಲ್ಲ ಬೇಕರ್ ಅವರ ಧ್ವನಿಯನ್ನೇ ಲೇಜೆನ್‌ಬಿಯ ಬಾಯಿಗೆ ಡಬ್ ಮಾಡಲಾಗಿದೆ. ಇದು ಒಂದೆರಡು ದೃಶ್ಯದ ಮಾತಲ್ಲ. ಚಿತ್ರದ ನಡುಭಾಗದ ಬಹಳ ಹೊತ್ತು ಹೀಗೆಯೇ ಸಾಗುತ್ತದೆ. ಹೊಸ ನಟನೊಬ್ಬನನ್ನು ಪ್ರೇಕ್ಷಕ ಒಪ್ಪಿಕೊಳ್ಳಬೇಕಾದ ಹೊತ್ತಿನಲ್ಲೇ ಅವನ ಧ್ವನಿಯನ್ನು ಕಿತ್ತುಕೊಂಡು, ಮೈಮೇಲೆ ಸ್ಕಾಟಿಷ್ ಕಿಲ್ಟ್ ತೊಡಿಸಿ, ಹೆಣ್ಣುಮಕ್ಕಳ ನಡುವೆ ಪೆದ್ದನಂತೆ ಕೂರಿಸಿದರೆ ಅವನು ಸಪ್ಪೆಯಾಗಿ ಕಾಣದೆ ಇನ್ನೇನು? ನಿಮ್ಮ ಗೆಳೆಯರು ಲೇಜೆನ್‌ಬಿಯ ಹೆಸರಿನಲ್ಲಿ ಹೇಳುತ್ತಿರುವ ದೂರಿನ ಒಂದು ಪಾಲು ಈ ನಿರ್ಧಾರಕ್ಕೆ ಸಲ್ಲಬೇಕು.

ಉದ್ದದ ವಿಚಾರ. ಚಿತ್ರ 142 ನಿಮಿಷಗಳದು, 2006ರ ‘ಕ್ಯಾಸಿನೊ ರಾಯಲ್’ ಬರುವವರೆಗೂ ಸರಣಿಯಲ್ಲಿ ಇದೇ ಅತಿ ಉದ್ದದ್ದು. ಆದರೆ ಮೊದಲರ್ಧವೆಲ್ಲ ಎಳೆದಾಟ ಎನ್ನುವವರಿಗೆ ಬರ್ನ್ ನಗರದಲ್ಲಿರುವ, ಬ್ಲೋಫೆಲ್ಡ್‌ನ ವಕೀಲ ಗುಂಬೋಲ್ಡ್‌ನ ಕಚೇರಿಯ ದೃಶ್ಯವನ್ನು ಇನ್ನೊಮ್ಮೆ ನೋಡಲು ಹೇಳುತ್ತೇನೆ. ವಕೀಲ ಊಟಕ್ಕೆ ಹೊರಡುತ್ತಾನೆ, ಬಾಂಡ್ ಒಳಗೆ ನುಸುಳುತ್ತಾನೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿದೆ. ಅಲ್ಲಿನ ಕ್ರೇನ್ ತೊಟ್ಟಿಯೊಂದನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಬಾಲ್ಕನಿಯ ಬಳಿಗೆ ತರುತ್ತದೆ. ಅದರಲ್ಲಿರುವುದು ತಿಜೋರಿಯ ಬೀಗ ಬಿಡಿಸುವ, ಕಾಗದಗಳ ನಕಲನ್ನೂ ತೆಗೆಯುವ ಭಾರಿ ಯಂತ್ರ. ಅದನ್ನು ತಿಜೋರಿಗೆ ಜೋಡಿಸಿದ ಮೇಲೆ ಬಾಂಡ್ ಮಾಡಬೇಕಾದದ್ದು ಏನೂ ಇಲ್ಲ. ಕುರ್ಚಿಯಲ್ಲಿ ಕೂತು ಪತ್ರಿಕೆಯ ಪುಟ ತಿರುವುತ್ತಾನೆ. ಯಂತ್ರ ತನ್ನ ಪಾಡಿಗೆ ಸಂಖ್ಯೆಗಳನ್ನು ಹುಡುಕುತ್ತಿರುತ್ತದೆ, ಜಾನ್ ಬ್ಯಾರಿಯ ಸಂಗೀತ ಒಂದೇ ಲಯವನ್ನು ಮತ್ತೆ ಮತ್ತೆ ಮೀಟುತ್ತಾ ಬಿಗಿಯಾಗುತ್ತದೆ, ಹಂಟ್ ಮಧ್ಯೆ ಮಧ್ಯೆ ಹಿಂದಿರುಗುತ್ತಿರುವ ವಕೀಲನನ್ನು ತೋರಿಸುತ್ತಾರೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಯುವುದನ್ನೇ ದೃಶ್ಯವಾಗಿಸುವ ಈ ಧೈರ್ಯ ಗೂಢಚಾರ ಚಿತ್ರಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಬೇಸರ ಬರಿಸುವ ಭಾಗ ಚಿತ್ರದಲ್ಲಿ ಇದ್ದೇ ಇದೆ, ಆದರೆ ಅದು ಇಲ್ಲಲ್ಲ. ಬೆಟ್ಟದ ಮೇಲಿನ ನೆಲೆಯಲ್ಲಿ ಬಾಂಡ್ ರಾತ್ರಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುವ ಪ್ರಸಂಗಗಳಲ್ಲಿ ಕಥೆ ನಿಂತಲ್ಲೇ ನಿಲ್ಲುತ್ತದೆ. ಈ ಮನುಷ್ಯ ಪೋರ್ಚುಗಲ್‌ನಲ್ಲಿ ಒಬ್ಬಳನ್ನು ಪ್ರೀತಿಸಿ ಬಂದಿದ್ದಾನೆಂದು ನಮಗೆ ಆಗಷ್ಟೇ ಹೇಳಿ, ಮರುಗಳಿಗೆಯಲ್ಲೇ ಹಳೆಯ ಚಾಳಿಯನ್ನು ನಗೆಯ ವಸ್ತುವಾಗಿ ತೋರಿಸುವುದು ಪ್ರೇಮಕಥೆಗೂ ಪೆಟ್ಟು ಕೊಡುತ್ತದೆ.

ಆ ಭಾಗ ದಾಟಿ ಬಾಂಡ್ ತಪ್ಪಿಸಿಕೊಳ್ಳಲು ಶುರುಮಾಡಿದ ಮೇಲೆ ಈ ಚಿತ್ರಕ್ಕೆ ಸಾಟಿ ಕಡಿಮೆ. ಬ್ಲೋಫೆಲ್ಡ್‌ನ ನೆಲೆಯಾದ ಪಿಟ್ಸ್ ಗ್ಲೋರಿಯಾ, ಸ್ಟುಡಿಯೋದಲ್ಲಿ ಕಟ್ಟಿದ ಕಲ್ಪನೆಯಲ್ಲ. ಅದು ಆಲ್ಪ್ಸ್‌ನ ಶಿಲ್ಟ್‌ಹಾರ್ನ್ ಶಿಖರದಲ್ಲಿ, 2,970 ಮೀಟರ್ ಎತ್ತರದಲ್ಲಿ ಆಗ ಪೂರ್ಣಗೊಳ್ಳುತ್ತಿದ್ದ ತಿರುಗುವ ರೆಸ್ಟೊರೆಂಟ್. ಅಲ್ಲಿನ ಕೇಬಲ್ ಕಾರಿನ ಯಂತ್ರದ ಕೋಣೆಯಲ್ಲಿ ಬಾಂಡ್‌ನನ್ನು ಕೂಡಿಹಾಕುತ್ತಾರೆ. ಹೊರಬೀಳಲು ಇರುವ ದಾರಿ ಹಿಮಗಟ್ಟಿದ ಉಕ್ಕಿನ ಹಗ್ಗವೊಂದೇ. ಯಾವ ವಿಶೇಷ ಕೈಗಡಿಯಾರವೂ ನೆರವಿಗೆ ಬರುವುದಿಲ್ಲ. ಅವನು ತನ್ನ ಪ್ಯಾಂಟಿನ ಜೇಬುಗಳ ಬಟ್ಟೆಯನ್ನು ಹರಿದು ಕೈಗವಸು ಮಾಡಿಕೊಂಡು, ಹಗ್ಗಕ್ಕೆ ಜೋತುಬಿದ್ದು ಸಾಗುತ್ತಾನೆ. ಮುಂದಿನ ಸ್ಕೀ ಬೆನ್ನಟ್ಟುವಿಕೆಯನ್ನು ಚಿತ್ರೀಕರಿಸಿದ ವಿಲ್ಲಿ ಬೋಗ್ನರ್ ಜರ್ಮನಿಯ ಒಲಿಂಪಿಕ್ ಸ್ಕೀ ಪಟು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಜಾರುತ್ತಾ ಶಾಟ್‌ಗಳನ್ನು ತೆಗೆದರು. ಮೇಲಿನಿಂದ ತೆಗೆದ ದೃಶ್ಯಗಳಿಗಾಗಿ ಜಾನಿ ಜೋರ್ಡನ್ ಹೆಲಿಕಾಪ್ಟರ್ ಕೆಳಗೆ ತೂಗುಬಿಟ್ಟ ಸರಂಜಾಮಿನಲ್ಲಿ ನೇತಾಡುತ್ತಿದ್ದರು. ಹಿಂದಿನ ಬಾಂಡ್ ಚಿತ್ರದ ಅಪಘಾತದಲ್ಲಿ ಅವರು ಒಂದು ಪಾದವನ್ನೇ ಕಳೆದುಕೊಂಡಿದ್ದರು ಎಂಬುದನ್ನು ನೆನೆದರೆ ಆ ಶಾಟ್‌ಗಳು ಬೇರೆಯೇ ರೀತಿ ಕಾಣುತ್ತವೆ. ಎರಡನೇ ಘಟಕದ ನಿರ್ದೇಶನವನ್ನೂ ಸಂಕಲನವನ್ನೂ ನೋಡಿಕೊಂಡ ಜಾನ್ ಗ್ಲೆನ್ ಮುಂದೆ 1980ರ ದಶಕದ ಐದೂ ಅಧಿಕೃತ ಬಾಂಡ್ ಚಿತ್ರಗಳನ್ನು ನಿರ್ದೇಶಿಸಿದರು.

ಈ ಓಟ ಬಂದು ನಿಲ್ಲುವ ಜಾಗವೇ ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯುತ್ತಮ ಕ್ಷಣ. ಕ್ರಿಸ್‌ಮಸ್ ಸಂಭ್ರಮದಲ್ಲಿರುವ ಊರಿನ ಜನಜಂಗುಳಿಯ ನಡುವೆ, ಐಸ್ ರಿಂಕ್‌ನ ಪಕ್ಕದಲ್ಲಿ ಬಾಂಡ್ ಕುಳಿತಿದ್ದಾನೆ. ದಣಿದಿದ್ದಾನೆ, ಬೆನ್ನಟ್ಟಿದವರು ಹತ್ತಿರದಲ್ಲೇ ಇದ್ದಾರೆ. ಇದಕ್ಕೆ ಸ್ವಲ್ಪ ಮೊದಲು ಹಿಮಕರಡಿಯ ವೇಷ ತೊಟ್ಟ ಒಬ್ಬ ದಿಢೀರನೆ ಎದುರಿಗೆ ಬಂದು ಫ್ಲಾಶ್ ಹೊಡೆದಾಗ ಅವನು ಬೆಚ್ಚಿಬಿದ್ದಿದ್ದ. ಈಗ ಅವನು ತಲೆತಗ್ಗಿಸಿ, ಯಾರ ಕಣ್ಣಿಗೂ ಬೀಳದಂತೆ ಮುದುಡಿಕೊಂಡು ಕೂತಿದ್ದಾನೆ. ಆಗ ಐಸಿನ ಮೇಲೆ ಜಾರುತ್ತಾ ಬಂದ ಒಂದು ಜೋಡಿ ಕಾಲು ಅವನ ಮುಂದೆ ನಿಲ್ಲುತ್ತದೆ. ಅವನು ತಲೆ ಎತ್ತಿದರೆ ಟ್ರೇಸಿ, ಪೋರ್ಚುಗಲ್‌ನಲ್ಲಿ ಅವನು ಪ್ರೀತಿಸಿ ಬಂದವಳು, ಮುಂದೆ ಅವನ ಹೆಂಡತಿಯಾಗುವವಳು. ಕಾನರಿಯ ಬಾಂಡ್ ಎಂದೂ ಹೀಗೆ ಹೆದರಿದವನಲ್ಲ. ಹೆದರಿದ್ದರೂ ನಾವು ನಂಬುತ್ತಿರಲಿಲ್ಲ, ಏಕೆಂದರೆ ಆ ಮುಖ ಗೆಲ್ಲುವುದನ್ನು ಐದು ಚಿತ್ರಗಳಲ್ಲಿ ನೋಡಿದ್ದೆವು. ಲೇಜೆನ್‌ಬಿಯ ಮುಖದ ಹಿಂದೆ ಅಂಥ ಯಾವ ಗೆಲುವೂ ಇಲ್ಲ. ಅನುಭವವಿಲ್ಲದ ನಟನನ್ನು ಆರಿಸಿಕೊಂಡದ್ದು ಇಲ್ಲಿ ಫಲ ಕೊಡುತ್ತದೆ. ಬಾಂಡ್ ಹೆಣ್ಣೊಬ್ಬಳನ್ನು ಕಾಪಾಡುವ ಬದಲು ಹೆಣ್ಣೊಬ್ಬಳು ಬಾಂಡ್‌ನನ್ನು ಕಾಪಾಡಿ, ಕಾರಿನಲ್ಲಿ ಕೂರಿಸಿಕೊಂಡು, ತಾನೇ ಓಡಿಸುತ್ತಾಳೆ.

ಟ್ರೇಸಿ ಪಾತ್ರಕ್ಕೆ ಡಯಾನಾ ರಿಗ್ ಸಿಕ್ಕಿದ್ದು ಚಿತ್ರದ ಭಾಗ್ಯ. ಆಗಲೇ ದೂರದರ್ಶನ ಧಾರಾವಾಹಿಯಿಂದ ಖ್ಯಾತರಾಗಿದ್ದ, ರಂಗಭೂಮಿಯಲ್ಲಿ ಪಳಗಿದ್ದ ಅವರು ಎದುರಿಗಿರುವ ನಟನ ಕೊರತೆಯನ್ನು ತಾವೇ ತುಂಬಿಕೊಡುತ್ತಾರೆ. ಬ್ಲೋಫೆಲ್ಡ್‌ನ ಸೆರೆಯಲ್ಲಿದ್ದಾಗ ತಂದೆಯ ಹೆಲಿಕಾಪ್ಟರ್‌ಗಳು ಬರುತ್ತಿರುವ ಸುಳಿವು ಸಿಕ್ಕಿ, ಅವನ ಗಮನವನ್ನು ಹಿಡಿದಿಡಲು ಕವಿತೆಯ ಸಾಲುಗಳನ್ನು ಹೇಳುತ್ತಾ ಸಮಯ ತಳ್ಳುವ ದೃಶ್ಯದಲ್ಲಿ ಅವರ ಬುದ್ಧಿ ಕೆಲಸ ಮಾಡುತ್ತಿರುವುದು ಕಣ್ಣಿಗೆ ಕಾಣುತ್ತದೆ. ಇಷ್ಟೆಲ್ಲ ಇದ್ದರೂ ಚಿತ್ರ ಈ ಪಾತ್ರಕ್ಕೆ ಪೂರ್ತಿ ನ್ಯಾಯ ಮಾಡಿಲ್ಲ, ಮತ್ತು ಅಭಿಮಾನಿಗಳು ಇದನ್ನು ಹೇಳಲು ಹಿಂಜರಿಯಬಾರದು. ಬಾಂಡ್ ಮೊದಮೊದಲ ಭೇಟಿಯೊಂದರಲ್ಲಿ ಅವಳ ಕೆನ್ನೆಗೆ ಹೊಡೆಯುತ್ತಾನೆ. ಅವಳನ್ನು ಮದುವೆಯಾದರೆ ಹತ್ತು ಲಕ್ಷ ಪೌಂಡ್ ಕೊಡುತ್ತೇನೆಂದು ತಂದೆ ಡ್ರಾಕೊ ಆಸೆ ತೋರಿಸುತ್ತಾನೆ. ನೆಲೆಯ ಮೇಲಿನ ದಾಳಿಯ ಕೊನೆಯಲ್ಲಿ ಮಗಳು ಹೊರಡಲು ಒಪ್ಪದಾಗ ಅದೇ ತಂದೆ ಅವಳನ್ನು ಗುದ್ದಿ ಪ್ರಜ್ಞೆ ತಪ್ಪಿಸಿ ಹೊತ್ತೊಯ್ಯುತ್ತಾನೆ, ಚಿತ್ರ ಅದನ್ನು ನಗೆಯ ಮಾತಿನಲ್ಲಿ ಮುಗಿಸುತ್ತದೆ. ಆ ಕಾಲ ಹಾಗಿತ್ತು ಎಂಬ ಉತ್ತರ ಇಲ್ಲಿ ಸಾಲದು. ಇದೇ ಹೆಣ್ಣಿನ ಸಾವಿಗೆ ನಾವು ಮರುಗಬೇಕೆಂದು ಕೇಳುವ ಚಿತ್ರ ಅವಳ ಇಚ್ಛೆಗೆ ಬೆಲೆ ಕೊಡಬೇಕಿತ್ತು. ಇನ್ನೂ ದೊಡ್ಡ ಕೊರತೆ ಎಂದರೆ ಅವರಿಬ್ಬರೂ ಪ್ರೀತಿಯಲ್ಲಿ ಬೀಳುವುದನ್ನು ಒಂದೇ ಹಾಡಿನಲ್ಲಿ, ಕುದುರೆ ಸವಾರಿ ಮತ್ತು ಉದ್ಯಾನದ ಚಿತ್ರಗಳಲ್ಲಿ ಮುಗಿಸಿಬಿಟ್ಟಿರುವುದು. ಹ್ಯಾಲ್ ಡೇವಿಡ್ ಬರೆದು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಆ ಹಾಡು ಅಷ್ಟು ಚೆನ್ನಾಗಿಲ್ಲದಿದ್ದರೆ ಈ ಪ್ರೇಮವನ್ನು ಯಾರೂ ನಂಬುತ್ತಿರಲಿಲ್ಲ. ಬೆಟ್ಟದ ಮೇಲಿನ ಆ ನಿಂತ ನೀರಿನಂಥ ಭಾಗದಿಂದ ಹತ್ತು ನಿಮಿಷವನ್ನು ತೆಗೆದು ಇಲ್ಲಿಗೆ ಕೊಟ್ಟಿದ್ದರೆ ನಿಮ್ಮ ಪಂಗಡಗಳ ಜಗಳ ಅರ್ಧ ಕಡಿಮೆಯಾಗುತ್ತಿತ್ತು.

ಕೊನೆಯ ದೃಶ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಹೂವಿನಿಂದ ಅಲಂಕರಿಸಿದ ಕಾರನ್ನು ನವದಂಪತಿ ರಸ್ತೆಬದಿಯಲ್ಲಿ ನಿಲ್ಲಿಸುತ್ತಾರೆ, ಬಾಂಡ್ ಇಳಿದು ಹೂಗಳನ್ನು ತೆಗೆಯುತ್ತಾನೆ. ಬ್ಲೋಫೆಲ್ಡ್‌ನ ಕಾರು ಹಾದುಹೋಗುತ್ತದೆ, ಗುಂಡುಗಳು ಸಿಡಿಯುತ್ತವೆ. ಬೆನ್ನಟ್ಟಲೆಂದು ಒಳಗೆ ಕೂತ ಬಾಂಡ್ ಪಕ್ಕಕ್ಕೆ ತಿರುಗಿದಾಗ ಹೆಂಡತಿ ಸತ್ತಿದ್ದಾಳೆ. ಬೈಕಿನಲ್ಲಿ ಬಂದ ಪೊಲೀಸನಿಗೆ ಅವನು, ಇವಳು ಸುಧಾರಿಸಿಕೊಳ್ಳುತ್ತಿದ್ದಾಳೆ, ಅವಸರವೇನಿಲ್ಲ, ನಮಗೆ ಬೇಕಾದಷ್ಟು ಸಮಯವಿದೆ ಎಂದು ಹೇಳುತ್ತಾನೆ. ಮೊದಲ ಟೇಕ್‌ನಲ್ಲಿ ತಾವು ಅತ್ತುಬಿಟ್ಟಿದ್ದಾಗಿಯೂ, ಬಾಂಡ್ ಅಳುವುದಿಲ್ಲವೆಂದು ಹಂಟ್ ಮತ್ತೆ ಮಾಡಿಸಿದ್ದಾಗಿಯೂ ಲೇಜೆನ್‌ಬಿ ಹೇಳಿಕೊಂಡಿದ್ದಾರೆ. ನಟನ ಸಪ್ಪೆ ದನಿಯೇ ಇಲ್ಲಿ ಆಘಾತಗೊಂಡವನ ದನಿಯಾಗುತ್ತದೆ. ನುರಿತ ನಟ ಏನನ್ನಾದರೂ ಸೇರಿಸುತ್ತಿದ್ದ, ಲೇಜೆನ್‌ಬಿ ಏನನ್ನೂ ಸೇರಿಸುವುದಿಲ್ಲ. ಇಷ್ಟು ಮಾಡಿದ ಚಿತ್ರ ಮುಕ್ತಾಯದ ಹೆಸರುಗಳ ಮೇಲೆ ಎಂದಿನ ಬಾಂಡ್ ಸಂಗೀತವನ್ನು ಅಬ್ಬರಿಸಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ಪ್ರೇಕ್ಷಕನಿಗೆ ಒಂದು ನಿಮಿಷದ ಮೌನವನ್ನಾದರೂ ಕೊಡಬಹುದಿತ್ತು.

ಈಗಿನ ಮೆಚ್ಚುಗೆ ಫ್ಯಾಷನ್ನೇ ಎಂಬ ಪ್ರಶ್ನೆಗೆ ಬರುತ್ತೇನೆ. ಚಿತ್ರ ಬಿಡುಗಡೆಯಾದಾಗ ಮುಗ್ಗರಿಸಿತು ಎಂಬ ಕಥೆ ನಿಜವಲ್ಲ. ಹಿಂದಿನ ಚಿತ್ರದಷ್ಟು ಗಳಿಸಲಿಲ್ಲ, ಅಷ್ಟೇ. ಲೇಜೆನ್‌ಬಿ ಒಂದೇ ಚಿತ್ರಕ್ಕೆ ಸೀಮಿತರಾದದ್ದು ಜನ ತಿರಸ್ಕರಿಸಿದ್ದರಿಂದಲೂ ಅಲ್ಲ. ಬಾಂಡ್‌ನ ಕಾಲ ಮುಗಿಯಿತೆಂಬ ಸಲಹೆಯನ್ನು ನಂಬಿ, ಚಿತ್ರ ತೆರೆಕಾಣುವ ಮೊದಲೇ ಅವರು ಪಾತ್ರವನ್ನು ಬಿಟ್ಟರು. 1971ರಲ್ಲಿ ಕಾನರಿ ಮರಳಿದಾಗ ಚಿತ್ರ ಬ್ಲೋಫೆಲ್ಡ್‌ನ ಬೇಟೆಯಿಂದ ಶುರುವಾಗುತ್ತದೆ, ಆದರೆ ಟ್ರೇಸಿಯ ಹೆಸರೂ ಬರುವುದಿಲ್ಲ. ಸರಣಿಯ ನಾಯಕ ಗಾಯವನ್ನು ಹೊತ್ತು ಮುಂದಿನ ಚಿತ್ರಕ್ಕೆ ಬರಬಾರದು ಎಂಬುದು ಆಗಿನ ಅಲಿಖಿತ ನಿಯಮವಾಗಿತ್ತು. ಇದೇ ಹೊತ್ತಿನಲ್ಲಿ, 1968ರ ‘ಜೇಡರ ಬಲೆ’ಯಿಂದ ಶುರುವಾದ ದೊರೈ-ಭಗವಾನ್ ಅವರ ಸಿಐಡಿ 999 ಚಿತ್ರಗಳಲ್ಲಿ ರಾಜ್‌ಕುಮಾರ್ ಅವರ ಪ್ರಕಾಶ್ ಕೂಡ ಪ್ರತಿ ಸಾಹಸಕ್ಕೂ ಹೊಸದಾಗಿ, ಹಗುರವಾಗಿಯೇ ಹೊರಡುತ್ತಿದ್ದ, ಆ ಪ್ರಕಾರ ಬೇಡುತ್ತಿದ್ದದ್ದೇ ಅದು. ಆ ನಿಯಮ ಮುರಿದ ಚಿತ್ರಕ್ಕೆ ಮುಂದಿನ ಚಿತ್ರದ ಆಸರೆ ಸಿಗದೆ, ಅದು ಬಹಳ ಕಾಲ ಒಂಟಿಯಾಗಿ ಉಳಿಯಿತು. ವಿಡಿಯೊ ಬಂದು ಜನ ಚಿತ್ರಗಳನ್ನು ತಿರುತಿರುಗಿ ನೋಡತೊಡಗಿದ ಮೇಲೆ ಕ್ರಾಫ್ಟ್ ಕಣ್ಣಿಗೆ ಬಿತ್ತು. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ದೃಶ್ಯಕಲೆಯ ದೃಷ್ಟಿಯಿಂದ ಇದೇ ಶ್ರೇಷ್ಠ ಬಾಂಡ್ ಚಿತ್ರವೆಂದು ಬರೆದಿದ್ದಾರೆ, ಕ್ರಿಸ್ಟೋಫರ್ ನೋಲನ್ ಇದು ತಮಗೆ ಅತ್ಯಂತ ಪ್ರಿಯವಾದದ್ದೆಂದು ಹೇಳಿ ‘ಇನ್‌ಸೆಪ್ಷನ್’ನ ಹಿಮದ ಕೋಟೆಯ ಭಾಗದಲ್ಲಿ ಅದರ ಪ್ರಭಾವವನ್ನು ಒಪ್ಪಿಕೊಂಡಿದ್ದಾರೆ. ಚಿತ್ರ ಕಟ್ಟುವವರಿಗೆ ಕಟ್ಟಡದ ಬಲ ಮೊದಲು ಕಾಣುತ್ತದೆ. ಇದನ್ನು ಫ್ಯಾಷನ್ ಎನ್ನಲಾಗದು. ಹಾಗೆಂದು ಶ್ರೇಷ್ಠ ಎಂಬ ಪಟ್ಟವನ್ನು ನಾನು ಕೊಡುವುದಿಲ್ಲ. ಅತ್ಯುತ್ತಮವಾಗಿ ನಿರ್ದೇಶಿಸಿದ ಬಾಂಡ್ ಚಿತ್ರ ಇದು ಎಂದು ಹೇಳುತ್ತೇನೆ, ಅತ್ಯುತ್ತಮವಾಗಿ ಬರೆದದ್ದು ಎಂದು ಹೇಳಲಾರೆ.

ನಿಮ್ಮ ತಂಗಿಗೆ ಧಾರಾಳವಾಗಿ ತೋರಿಸಿ, ಹಿಂದಿನದು ಯಾವುದನ್ನೂ ತೋರಿಸದೆ. ‘ಯೂ ಓನ್ಲಿ ಲಿವ್ ಟ್ವೈಸ್’ ನೋಡಿರದವರಿಗೆ ಬ್ಲೋಫೆಲ್ಡ್‌ನ ಮರೆವಿನ ಸಮಸ್ಯೆ ಇರುವುದೇ ಇಲ್ಲ, ಕಾನರಿಯೊಂದಿಗೆ ಹೋಲಿಸುವ ಪ್ರಮೇಯವೂ ಬರುವುದಿಲ್ಲ. ಫ್ಲೆಮಿಂಗ್ ಕಾದಂಬರಿಯ ಓದುಗನಿಗೆ ಸಿಕ್ಕಿದ ಕ್ರಮವೇ ಅವರಿಗೂ ಸಿಕ್ಕಂತಾಗುತ್ತದೆ. ಡ್ರಾಯರಿನ ದೃಶ್ಯ ಅರ್ಥವಾಗದಿದ್ದರೂ ನಷ್ಟವಿಲ್ಲ. ಅದಾದ ಮೇಲೆ 1971ರ ‘ಡೈಮಂಡ್ಸ್ ಆರ್ ಫಾರೆವರ್’ಗೆ ಹೋಗಬೇಡಿ. ಗ್ಲೆನ್ ನಿರ್ದೇಶಿಸಿದ 1981ರ ‘ಫಾರ್ ಯುವರ್ ಐಸ್ ಓನ್ಲಿ’ಯ ಮೊದಲ ಕೆಲವು ನಿಮಿಷ ತೋರಿಸಿ, ಅಲ್ಲಿ ರೋಜರ್ ಮೂರ್ ರೂಪದ ಬಾಂಡ್ ಟ್ರೇಸಿಯ ಸಮಾಧಿಗೆ ಹೂವಿಡಲು ಬರುತ್ತಾನೆ, ಕಲ್ಲಿನ ಮೇಲೆ ಅವಳ ಹೆಸರು, 1943 ಮತ್ತು 1969 ಎಂಬ ಇಸವಿಗಳು ಇವೆ. ಅಲ್ಲಿಂದ ನೇರವಾಗಿ 2021ರ ‘ನೋ ಟೈಮ್ ಟು ಡೈ’ಗೆ ಹೋಗಬಹುದು. ಆರ್ಮ್‌ಸ್ಟ್ರಾಂಗ್‌ರ ಹಾಡನ್ನು ಆ ಚಿತ್ರ ಮತ್ತೆ ಬಳಸಿಕೊಂಡಿದೆ, ಅದೇಕೆಂದು ಆಗ ಅವರಿಗೆ ಯಾರೂ ವಿವರಿಸಬೇಕಾಗುವುದಿಲ್ಲ.